ಬೆನ್ನಿಗೂ ಒಂದು ತಗಡು

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಮೂರು ಸಾಮಾನು ಇರುತ್ತಿದ್ದವು. ಒಂದು ಗಟ್ಟಿ ಸೀಸದ ಪೆನ್ಸಿಲ್ಲು, ಒಂದು ರಬ್ಬರು, ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡು. ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ತಂದ ಮಗ್ಗದ ಕೆಲಸಗಾರ ಬೇರೇನೂ ಹೇಳುವ ಮೊದಲು ಆ ಜೇಬಿನ ಮಾತನ್ನೇ ಹೇಳಿದ. "ಅಕ್ಕಾ, ನೀರು ಹುಯ್ಯೋಕೆ ಅಂತ ಅಂಗಿ ಬಿಚ್ಚಿದ್ರೆ ಜೇಬಲ್ಲಿ ಪೆನ್ಸಿಲ್ಲು ಹಂಗೇ ಇತ್ತು. ಮೊನೆ ಬೇರೆ ಮಾಡಿಟ್ಟಿದ್ರು." ಎರಡು ವರ್ಷದಿಂದ ಅವರು ಬಿಡಿಸುವಂಥದ್ದು ಏನೂ ಇರಲಿಲ್ಲ. ಆದರೂ ಮೊನೆ ಮಾಡಿಟ್ಟಿದ್ದರು.

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಎಲ್ಲರೂ ಅವರನ್ನು ಗ್ರಾಫ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಏಳನೇ ಕ್ಲಾಸಿಗೇ ಓದು ಬಿಟ್ಟವರು. ಸೀರೆಯ ಅಂಚಿಗೆ, ಸೆರಗಿಗೆ ಬೇಕಾದ ಹೂವು, ಹಂಸ, ನವಿಲುಗಳನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬಿ ಕೊಡುವುದು ಅವರ ಕಸುಬು. ಮೂವತ್ತು ವರ್ಷ ಅದೊಂದನ್ನೇ ಮಾಡಿದರು. ಅವರನ್ನು ಕುರಿತು ಬರೆಯುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಅವರ ಕೆಲಸಕ್ಕೆ ಕುತ್ತಾದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಆಮೇಲೆ ನಾನು ಎಷ್ಟು ಹೊಗಳಿದರೂ ಓದುವವರು ಹುಷಾರಾಗಿರುತ್ತಾರೆ.

ಆ ಕಸುಬಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಅವರು ಅರ್ಥವಾಗುವುದಿಲ್ಲ. ಮಗ್ಗದ ತಲೆಯ ಮೇಲೆ ಜಕಾರ್ಡು ಎಂಬ ಯಂತ್ರ ಕೂತಿರುತ್ತದೆ. ಅದರ ಹುಕ್ಕುಗಳು ಎಳೆಗಳನ್ನು ಎತ್ತಿ ಇಳಿಸಿದಂತೆ ಬಟ್ಟೆಯಲ್ಲಿ ಚಿತ್ರ ಮೂಡುತ್ತದೆ. ಮೇಷ್ಟ್ರು ಬಿಡಿಸಿಕೊಡುತ್ತಿದ್ದ ಜಕಾರ್ಡುಗಳಿಗೆ ಇದ್ದದ್ದು ಇನ್ನೂರ ನಲವತ್ತು ಹುಕ್ಕು. ಒಂದು ಹುಕ್ಕಿಗೆ ಒಂದು ಚೌಕ, ಅಂದರೆ ಹಾಳೆಯ ಮೇಲೆ ಅಡ್ಡಕ್ಕೆ ಇನ್ನೂರ ನಲವತ್ತು ಚೌಕ. ಇನ್ನೂರ ನಲವತ್ತೊಂದನೆಯ ಚೌಕಕ್ಕೆ ನವಿಲು ಕೊಕ್ಕು ಚಾಚಿದರೆ ಆ ಕೊಕ್ಕು ಸೀರೆಯಲ್ಲಿ ಬರುವುದೇ ಇಲ್ಲ. ಇನ್ನೂ ಅಗಲ ಬೇಕೆಂದರೆ ಒಂದು ಉಪಾಯವಿತ್ತು. ಅರ್ಧ ಮಾತ್ರ ಬಿಡಿಸುವುದು, ಇನ್ನರ್ಧ ಕನ್ನಡಿಯಲ್ಲಿ ಕಂಡ ಹಾಗೆ ತಾನಾಗಿ ಮೂಡುವಂತೆ ಜಕಾರ್ಡಿನ ದಾರಗಳನ್ನು ಕಟ್ಟುವುದು. ಹಾಳೆಯ ಮೇಲೆ ಒಂದು ನವಿಲು ಬಿಡಿಸಿದರೆ ಸೀರೆಯಲ್ಲಿ ಎರಡು ನವಿಲು ಎದುರುಬದುರಾಗಿ ನಿಲ್ಲುತ್ತಿದ್ದವು. ಮೂವತ್ತು ವರ್ಷ ಹೀಗೆ ಬಿಡಿಸಿ ಬಿಡಿಸಿ ಅವರ ಕೈಗೆ ಜೋಡಿಯ ಚಟ ಹತ್ತಿಬಿಟ್ಟಿತ್ತು.

ಒಮ್ಮೆ ಬೆಂಗಳೂರಿನ ಬಸ್ಸಿನಲ್ಲಿ ಒಬ್ಬ ಹೆಂಗಸು ಅವರ ಮೇಲೆ ರೇಗಿದ್ದಳಂತೆ. ಯಲಹಂಕದಿಂದಲೂ ಅವಳ ಸೆರಗನ್ನೇ ದಿಟ್ಟಿಸಿಕೊಂಡು ಬಂದಿದ್ದರು. "ತಲೆ ಬೆಳ್ಳಗಾಗಿದೆ, ನಾಚಿಕೆ ಆಗಲ್ವೇನ್ರೀ?" ಎಂದಳಂತೆ. ಮೇಷ್ಟ್ರು ಕೈ ಮುಗಿದು, "ತಾಯೀ, ನಿಮ್ಮನ್ನಲ್ಲ, ನನ್ನ ಹಂಸಾನ ನೋಡ್ತಿದ್ದೆ. ಕತ್ತು ಎರಡು ಚೌಕ ದಪ್ಪ ಆಗ್ಬಿಟ್ಟಿದೆ," ಎಂದರಂತೆ. ಬಸ್ಸಿಗೆ ಬಸ್ಸೇ ನಕ್ಕಿತು. ಆ ಹೆಂಗಸೂ ಸೆರಗನ್ನು ಮುಂದಕ್ಕೆಳೆದು ನೋಡಿ, "ಸರಿಯಾಗೇ ಇದ್ಯಲ್ಲ," ಎಂದಳು. ಈ ಕತೆಯನ್ನು ಅವರು ನನಗೆ ಮೂರು ಸಲ ಹೇಳಿದ್ದರು. ಮೂರು ಸಲವೂ ಅವರಿಗೆ ನಗು ಬರಲಿಲ್ಲ, ಕತ್ತು ದಪ್ಪವಾದ ಬೇಸರವೇ ಹೆಚ್ಚಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಿ.ಎಸ್ಸಿ. ಮುಗಿಸಿ, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹೇಳಿಕೊಡುತ್ತಿದ್ದೆ. ಮೂರು ಕಂಪ್ಯೂಟರು, ಅವುಗಳ ಮೇಲೆ ಮೂರು ಕಸೂತಿ ಹಾಕಿದ ಹೊದಿಕೆ, ಚಪ್ಪಲಿ ಹೊರಗೆ ಬಿಡಿ ಎಂಬ ಬೋರ್ಡು. ಒಂದು ಬೆಳಿಗ್ಗೆ ಐವತ್ತು ದಾಟಿದ ಒಬ್ಬರು ಬಂದು, ಚಪ್ಪಲಿಯನ್ನು ಬೋರ್ಡಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ಬಿಟ್ಟು, ಒಂದರ ಪಕ್ಕ ಒಂದು ಸಮನಾಗಿ ಜೋಡಿಸಿ ಒಳಗೆ ಬಂದರು.

"ಟೀಚರಮ್ಮ, ನಂಗೆ ಕಲ್ಸಿಕೊಡ್ತೀರಾ? ಯುಗಾದಿಯೊಳಗೆ ಬರ್ಬೇಕು."

"ಯಾಕೆ ಅಷ್ಟು ಅವಸರ?" ಎಂದೆ.

ಅವರು ಹೇಳಿದ್ದು ಇಷ್ಟು. ಅವರು ಬಹಳ ವರ್ಷದಿಂದ ಡಿಸೈನು ಬಿಡಿಸಿಕೊಡುತ್ತಿದ್ದ ಮಗ್ಗದ ಮಾಲೀಕರು ಯುಗಾದಿಗೆ ಸೂರತ್ತಿನಿಂದ ದೊಡ್ಡ ಜಕಾರ್ಡು ತರಿಸುತ್ತಿದ್ದರು. ಅದಕ್ಕೆ ಸಾವಿರಕ್ಕೂ ಹೆಚ್ಚು ಹುಕ್ಕು. ಕೈಯಲ್ಲಿ ಗ್ರಾಫು ತುಂಬುವ ಮಾತೇ ಇಲ್ಲ, ಡಿಸೈನೆಲ್ಲ ಕಂಪ್ಯೂಟರಿನಲ್ಲಿ. ಉಳಿದ ಮಾಲೀಕರೂ ಅದೇ ದಾರಿ ಹಿಡಿದಿದ್ದರು. "ಮೇಷ್ಟ್ರೇ, ನೀವು ಕಲಿತ್ರೆ ನೀವೇ ಕೂತ್ಕೊಳಿ. ಇಲ್ದಿದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ," ಎಂದಿದ್ದರಂತೆ. ಯುಗಾದಿ ಹೊತ್ತಿಗೆ ಅವರ ಮುಂದೆ ಕೂತು ಒಂದು ಸೆರಗು ಮಾಡಿ ತೋರಿಸಬೇಕು. ಮಾಡಿದರೆ ಕೆಲಸ ಉಂಟು, ಆಗದಿದ್ದರೆ ಮೂವತ್ತು ವರ್ಷದ ಕಸುಬು ಅಲ್ಲಿಗೆ ಮುಗಿಯಿತು. ಅವರ ಕೈಯಲ್ಲಿದ್ದದ್ದು ಮೂರು ತಿಂಗಳು.

ಮೊದಲ ವಾರ ಮೌಸೇ ಅವರ ಮಾತು ಕೇಳಲಿಲ್ಲ. ಇಸ್ತ್ರಿ ಪೆಟ್ಟಿಗೆ ಹಿಡಿದ ಹಾಗೆ ಅಂಗೈಯೆಲ್ಲ ಊರಿ ಒತ್ತುತ್ತಿದ್ದರು. ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಕೂತರೆ, "ಅಗೋ, ಓಡೋಯ್ತು," ಎಂದು ನನ್ನ ಮುಖ ನೋಡುತ್ತಿದ್ದರು. ಕೈ ಪಳಗಲಿ ಎಂದು ನಾನು ಒಂದು ಆಟ ಹಾಕಿಕೊಟ್ಟೆ. ಸೆಂಟರಿನ ಮಾಲೀಕರ ತಂಗಿಯ ಮಗ ಯಾವುದೋ ಸಿ.ಡಿ.ಯಲ್ಲಿ ತಂದು ತುಂಬಿಟ್ಟುಹೋದ ಆಟ ಅದು. ಯಂತ್ರಗಳು ಯಂತ್ರಗಳ ಜೊತೆ ಹೊಡೆದಾಡುವುದು. ಹೊಡೆದಾಟಕ್ಕೆ ಮುಂಚೆ ನಮ್ಮ ರೋಬೋಟನ್ನು ನಾವೇ ಕಟ್ಟಿಕೊಳ್ಳಬೇಕು. ಒಂದು ಕಡೆ ಮೋಟಾರು, ಚಕ್ರ, ಗರಗಸ, ಸುತ್ತಿಗೆ, ಮೈಗೆ ಹೊದಿಸುವ ತಗಡು ಎಲ್ಲ ಸಾಲಾಗಿ ಇರುತ್ತವೆ. ಒಂದೊಂದಕ್ಕೂ ಒಂದು ತೂಕ. ಬೇಕಾದ್ದನ್ನು ಎಳೆದು ತಂದು ಕೂರಿಸಬಹುದು, ಆದರೆ ಒಟ್ಟು ತೂಕ ನೂರು ದಾಟಬಾರದು. ಕೆಳಗೆ ಮೂಲೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಒಂದು ಅಂಕಿ ತೋರಿಸುತ್ತಿರುತ್ತದೆ. ನೂರು ದಾಟಿದರೆ ಆ ಅಂಕಿ ಕೆಂಪಾಗಿ ಯಂತ್ರ ಟೊಂಯ್ ಎನ್ನುತ್ತದೆ.

ನಾನು ವಿವರಿಸಿ ಮುಗಿಸುವ ಮೊದಲೇ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅಲ್ಲಿಯವರೆಗೆ ಕುರ್ಚಿಯ ಅಂಚಿನಲ್ಲಷ್ಟೇ ಕೂರುತ್ತಿದ್ದರು.

"ಇದು ಜಕಾರ್ಡೇ ಕಣಮ್ಮ! ನೂರು ಹುಕ್ಕು ಕೊಟ್ಟವ್ನೆ, ಅಷ್ಟರೊಳಗೆ ಹೂವು ಮುಗಿಸು ಅಂತವ್ನೆ."

ಅಂದಿನಿಂದ ನಾನು 'ನೀವು' ಹೋಗಿ 'ನೀನು' ಆದೆ. ಅವರೂ ಬೇರೆ ಮನುಷ್ಯರಾದರು. ಜೇಬಿನಿಂದ ಪೆನ್ಸಿಲ್ಲು ಬಂತು, ಚೀಲದಿಂದ ಗ್ರಾಫ್ ಹಾಳೆ ಬಂತು. ಪ್ರತಿ ಸಾಮಾನಿನ ತೂಕವನ್ನೂ ಬರೆದುಕೊಂಡು, ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿ, ಬೆಳಿಗ್ಗೆ ಕಟ್ಟಿದ ರೋಬೋಟನ್ನು ಹಾಳೆಯ ಮೇಲೆಯೇ ತರುತ್ತಿದ್ದರು. ಪರದೆಯ ಮೇಲೆ ಕೂರಿಸಿದರೆ ಮೂಲೆಯ ಅಂಕಿ ಸರಿಯಾಗಿ ಸೊನ್ನೆಗೆ ಬಂದು ನಿಲ್ಲಬೇಕು. ಎರಡು ಉಳಿದರೂ ಅವರಿಗೆ ಸಮಾಧಾನವಿಲ್ಲ. ಸೊನ್ನೆ ಬಂದಾಗ ಕಣ್ಣಿನ ಕೆಳಗೆ ಚರ್ಮವೆಲ್ಲ ನೆರಿಗೆಯಾಗುವ ಹಾಗೆ ನಗುತ್ತಿದ್ದರು. ಸೋತರೆ ಮಾತ್ರ ಅವರಿಗೆ ಅಜ್ಜಿಯ ಮನೆಯ ತೆಲುಗು ಬರುತ್ತಿತ್ತು. "ಪೋರಾ, ಪೋ!" ಎಂದು ತಮ್ಮ ರೋಬೋಟನ್ನೇ ಬೈಯುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋದರೆ ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಕಿವಿಗೆ ಹತ್ತಿ ತುರುಕಿದಂತಾಗುತ್ತಿತ್ತು. ಆ ಮೌನದಲ್ಲಿ ಅವರೊಬ್ಬರೇ ಕಪ್ಪು ಪರದೆಯ ಮುಂದೆ ಬೆರಳು ಮಡಿಸಿ ಎಣಿಸುತ್ತಾ ಕೂತಿರುತ್ತಿದ್ದರು.

ಆಟದಲ್ಲಿ ಹನ್ನೆರಡು ಎದುರಾಳಿಗಳು, ಒಬ್ಬರಾದ ಮೇಲೆ ಒಬ್ಬರು. ಆರು ಜನರನ್ನು ಮೇಷ್ಟ್ರು ಎರಡು ವಾರದಲ್ಲಿ ಗೆದ್ದರು. ಏಳನೆಯದಕ್ಕೆ ಅವರು ಗೂಳಿ ಎಂದು ಹೆಸರಿಟ್ಟಿದ್ದರು. ಅದು ಅತ್ತ ಇತ್ತ ನೋಡದೆ ನೇರ ಎದುರಿನಿಂದ ಬಂದು ಸುತ್ತಿಗೆಯಿಂದ ಗುದ್ದುತ್ತಿತ್ತು. ಮೂರನೇ ಗುದ್ದಿಗೆ ಮೇಷ್ಟ್ರ ಮುಂದಿನ ತಗಡು ಸೀಳಿ, ನಾಲ್ಕನೆಯದಕ್ಕೆ ಮೋಟಾರು ಹೋಗುತ್ತಿತ್ತು. ಎಷ್ಟು ದಿನ ಆಡಿದರೂ ಅಲ್ಲಿಗೇ ನಿಲ್ಲುತ್ತಿತ್ತು.

ಕಾರಣ ನನಗೆ ಎರಡನೇ ದಿನವೇ ಕಂಡಿತ್ತು. ಅವರು ಎಲ್ಲವನ್ನೂ ಜೋಡಿಯಾಗಿ ಕಟ್ಟುತ್ತಿದ್ದರು. ಎಡಕ್ಕೊಂದು ಗರಗಸ, ಬಲಕ್ಕೊಂದು ಗರಗಸ. ಮುಂದೊಂದು ತಗಡು, ಹಿಂದೊಂದು ತಗಡು.

"ಮೇಷ್ಟ್ರೇ, ಗೂಳಿ ಬರೋದು ಮುಂದಿನಿಂದ. ಬೆನ್ನಿಗ್ಯಾಕೆ ತಗಡು? ಅದನ್ನ ತೆಗೆದು ಮುಂದಕ್ಕೇ ಎರಡು ಹಾಕಿ," ಎಂದೆ.

"ಹೌದಲ್ವಾ?" ಎಂದು ತೆಗೆದರು. ಮುಂದೆ ಎರಡು ತಗಡು ಕೂರಿಸಿದರು. ರೋಬೋಟನ್ನು ಸುತ್ತ ತಿರುಗಿಸಿ ನೋಡಿದರು. ಬೆನ್ನಿನ ಕಡೆ ಮೋಟಾರಿನ ತಂತಿಗಳು ಬತ್ತಲೆಯಾಗಿ ಕಾಣುತ್ತಿದ್ದವು. ಹೊಡೆದಾಟ ಶುರು ಮಾಡುವ ಗುಂಡಿಯ ಹತ್ತಿರ ಹೋದ ಕೈ ವಾಪಸು ಬಂತು. ತಗಡು ಮತ್ತೆ ಬೆನ್ನಿಗೆ ಹೋಯಿತು.

"ಆಗಲ್ಲ ಕಣಮ್ಮ. ಹಿಂದ್ಗಡೆ ಬರಿದಾಗಿದ್ರೆ ನಂಗೆ ನೋಡಕ್ಕಾಗಲ್ಲ. ಬಟ್ಟೆ ಅಂದ್ಮೇಲೆ ಬೆನ್ನೂ ಬಟ್ಟೇನೇ."

"ಇದು ಬಟ್ಟೆ ಅಲ್ಲ ಮೇಷ್ಟ್ರೇ."

"ನಂಗೊತ್ತು," ಎಂದು ಗುಂಡಿ ಒತ್ತಿ, ಎಂದಿನಂತೆ ಸೋತರು.

ಅವರ ಮನೆಗೆ ಒಮ್ಮೆ ಹೋಗಿದ್ದೆ. ಅವರೆಕಾಯಿ ಕಾಲ, ಅವರ ಹೆಂಡತಿ ಹಿತಕಿದಬೇಳೆ ಸಾರು ಮಾಡಿ ಕರೆಸಿದ್ದರು. ಪಡಸಾಲೆಯಲ್ಲಿ ಬಾಗಿಲ ಎಡಕ್ಕೊಂದು ದೇವರ ಪಟ, ಬಲಕ್ಕೆ ಅದೇ ಅಳತೆಯ ಇನ್ನೊಂದು. ಗೋಡೆಗೆ ಗಡಿಯಾರ ಮಾತ್ರ ಒಂದೇ ಇತ್ತು, ಅದು ಕರಾರುವಾಕ್ಕಾಗಿ ನಡುವೆ ನೇತಾಡುತ್ತಿತ್ತು. ನಾನು ನಕ್ಕಿದ್ದನ್ನು ನೋಡಿ ಆಕೆ ಸೌಟು ಹಿಡಿದುಕೊಂಡೇ ಹೇಳಿದರು: "ಮದ್ವೆ ಆದ ಹೊಸದ್ರಲ್ಲಿ ನಂಗೊಂದು ಗಿಣಿ ಬಿಡಿಸ್ಕೊಡಿ ಅಂದೆ ಕಣಮ್ಮ. ಎರಡು ಬಿಡಿಸ್ಕೊಟ್ರು. ಒಂದೇ ಇದ್ರೆ ಅದು ಯಾರ್ ಮುಖ ನೋಡ್ಬೇಕು ಅಂದ್ರು." ಮೇಷ್ಟ್ರು ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದರು.

ಯುಗಾದಿ ಹತ್ತಿರವಾಗುತ್ತಿತ್ತು. ಡಿಸೈನಿನ ಸಾಫ್ಟ್‌ವೇರನ್ನು ಅಷ್ಟಿಷ್ಟು ಕಲಿತಿದ್ದರು, ನಿಧಾನವಾಗಿಯಾದರೂ ಚೌಕ ತುಂಬುತ್ತಿದ್ದರು. ಆದರೆ ಧೈರ್ಯ ಸಾಲದು. ದಿನವೂ ಗೂಳಿಯ ಕೈಯಲ್ಲಿ ಸೋತು ಮನೆಗೆ ಹೋಗುವವರಿಗೆ ಧೈರ್ಯ ಎಲ್ಲಿಂದ ಬರಬೇಕು ಎಂದುಕೊಂಡು ನಾನೊಂದು ಅಧಿಕಪ್ರಸಂಗ ಮಾಡಿದೆ. ಆಟದ ಫೈಲುಗಳನ್ನು ತೆಗೆದು ನೋಡಿದಾಗ ಒಂದು ಕಡೆ ಆ ನೂರು ಎಂಬ ಅಂಕಿ ಸಿಕ್ಕಿತು. ಅದನ್ನು ಅಳಿಸಿ ಒಂಬೈನೂರ ತೊಂಬತ್ತೊಂಬತ್ತು ಮಾಡಿದೆ. ಒಂದು ಸಲ ಗೆದ್ದರೆ ಸಾಕು, ಆಮೇಲೆ ಮೊದಲಿನಂತೆ ಮಾಡಿದರಾಯಿತು ಎಂಬುದು ನನ್ನ ಯೋಚನೆ.

ಅಂದು ಅವರು ಹಾಳೆಯ ಮೇಲಿನ ರೋಬೋಟನ್ನು ಪೂರ್ತಿ ಕೂರಿಸಿದರು. ಸೊನ್ನೆ ಬರಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರು. ಇನ್ನೊಂದು ತಗಡು ಹಾಕಿದರು, ಟೊಂಯ್ ಎನ್ನಲಿಲ್ಲ. ಇನ್ನೊಂದು ಜೋಡಿ ಗರಗಸ, ಮತ್ತೊಂದು ಜೋಡಿ ಸುತ್ತಿಗೆ, ಹಿಂದೆ ಮುಂದೆ ಎರಡೆರಡು ತಗಡು, ಮೇಲೊಂದು. ಹಾಕುತ್ತಾ ಹೋದ ಹಾಗೆ ಅವರ ಮುಖ ಅರಳುವ ಬದಲು ಸಪ್ಪಗಾಗುತ್ತಾ ಬಂತು. ಕೊನೆಗೆ ಮೊದಲನೇ ಎದುರಾಳಿಯ ಜೊತೆಗೇ ಬಿಟ್ಟರು, ಅವರು ನಿದ್ದೆಗಣ್ಣಿನಲ್ಲೂ ಗೆಲ್ಲುತ್ತಿದ್ದ ಆ ಪುಟ್ಟ ಯಂತ್ರದ ಜೊತೆಗೆ. ಅವರದು ನಿಂತ ಜಾಗದಿಂದ ಕದಲಲೇ ಇಲ್ಲ. ಅಷ್ಟು ಭಾರವನ್ನು ಎಳೆಯಲಾರದೆ ಮೋಟಾರು ಹೊಗೆ ಬಿಟ್ಟು ಸುಟ್ಟುಹೋಯಿತು.

"ನೀನೇನಾದ್ರೂ ಮಾಡಿದ್ಯೇನಮ್ಮ ಇದಕ್ಕೆ?"

ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಒಳ್ಳೇದಕ್ಕೇ ಮಾಡಿದ್ದೀಯ ಬಿಡು. ಆದ್ರೆ ಎಷ್ಟು ಬೇಕಾದ್ರೂ ಹಾಕ್ಕೋ ಅಂದ್ಬಿಟ್ರೆ ನಂಗೆ ಎಲ್ಲಿ ನಿಲ್ಲಿಸ್ಬೇಕು ಅಂತ್ಲೇ ಗೊತ್ತಾಗಲ್ಲ. ಇನ್ನೂರ ನಲವತ್ತು ಇದ್ದಿದ್ದಕ್ಕೇ ನಾನು ಮೇಷ್ಟ್ರು ಆಗಿದ್ದು ಕಣಮ್ಮ." ಆಮೇಲೆ ಕೇಳಿದರು: "ಆ ಹೊಸ ಜಕಾರ್ಡೂ ಹಿಂಗೇ ಇರುತ್ತಾ?"

ಹಾಗೇನಿಲ್ಲ ಎಂದು ಹೇಳಿ ನೂರನ್ನು ವಾಪಸು ಹಾಕಿದೆ. ಹೇಳಿದ್ದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

ಪರೀಕ್ಷೆಯ ದಿನ ಅವರೇ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಸಾಫ್ಟ್‌ವೇರು ತೆರೆಯುವುದು ಮರೆತುಹೋದರೆ ಎಂಬ ಭಯ. ಮಾಲೀಕರ ಆಫೀಸು ಮಗ್ಗದ ಶೆಡ್ಡಿನ ಮೇಲೆ, ಮಹಡಿಯಲ್ಲಿತ್ತು. ಕೆಳಗಿನ ಮಗ್ಗಗಳ ಸದ್ದಿಗೆ ಟೇಬಲ್ಲಿನ ಮೇಲೆ ಕಾಫಿ ಲೋಟ ನಡುಗುತ್ತಿತ್ತು. ಮಾಲೀಕರು ಕೆಟ್ಟವರಲ್ಲ. ಮೇಷ್ಟ್ರಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

"ನೋಡಿ ಮೇಷ್ಟ್ರೇ, ಇನ್ಮೇಲೆ ಲಿಮಿಟ್ಟು ಅನ್ನೋದೇ ಇಲ್ಲ ಅಂದ್ಕೊಳಿ. ಇಡೀ ಸೆರಗು ನಿಮ್ದು. ಈ ಕಡೆ ಬಂದಿದ್ದು ಆ ಕಡೆ ಬರ್ಬಾರ್ದು. ಬೆಂಗಳೂರಿನ ಅಂಗಡಿಯವ್ರು ಅದನ್ನೇ ಕೇಳ್ತವ್ರೆ."

ಮೇಷ್ಟ್ರು ಕೂತರು. ಪರದೆಯ ತುಂಬ ಖಾಲಿ ಚೌಕಗಳು. ಎಡ ಮೂಲೆಯಿಂದ ಎಣಿಸಿಕೊಂಡು ಹೋಗಿ ಇನ್ನೂರ ನಲವತ್ತಕ್ಕೆ ಒಂದು ಗೆರೆ ಎಳೆದುಕೊಂಡರು. ಅದು ಹಳೆಯ ಜಕಾರ್ಡಿನ ಅಳತೆ. ಆ ಗೆರೆಯೊಳಗೆ ಒಂದು ನವಿಲು ಬಿಡಿಸಿದರು. ಅಂಥ ನವಿಲನ್ನು ನಾನು ಇಂದಿನವರೆಗೂ ನೋಡಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ ತನ್ನ ಗರಿಯನ್ನು ತಾನೇ ನೋಡಿಕೊಳ್ಳುವ ನವಿಲು. ಒಂದು ಚೌಕ ಹೆಚ್ಚಿಲ್ಲ, ಒಂದು ಚೌಕ ಕಡಿಮೆಯಿಲ್ಲ. ಮೈಯೆಲ್ಲ ಅಲ್ಲಲ್ಲಿ ಒಂದೊಂದು ಖಾಲಿ ಚುಕ್ಕಿ ಬಿಟ್ಟಿದ್ದರು. ಆಮೇಲೆ ಅದರ ಎದುರಿಗೆ, ಕನ್ನಡಿಯಲ್ಲಿ ಕಂಡಂತೆ, ಇನ್ನೊಂದನ್ನು ನಿಲ್ಲಿಸಿದರು. ಕೈ ಮಡಿಲಲ್ಲಿಟ್ಟುಕೊಂಡರು. ಪರದೆಯ ಬಲಗಡೆಯೆಲ್ಲ ಖಾಲಿ ಇತ್ತು.

"ಮುಗೀತಾ?" ಎಂದರು ಮಾಲೀಕರು.

"ಮುಗೀತು."

"ಉಳಿದಿದ್ದು?"

ಮೇಷ್ಟ್ರು ಕುರ್ಚಿಯಿಂದ ಎದ್ದು ಪಕ್ಕಕ್ಕೆ ನಿಂತರು. ಮಾಲೀಕರು ನನ್ನ ಕಡೆ ತಿರುಗಿ, "ನೀವೊಂದು ಕೈ ನೋಡಿಮ್ಮ," ಎಂದರು.

ನಾನು ಆಗುವುದಿಲ್ಲ ಎನ್ನಬಹುದಾಗಿತ್ತು. ಮೇಷ್ಟ್ರಿಗೆ ಇನ್ನೊಂದು ದಿನ ಕೊಡಿ ಎನ್ನಬಹುದಾಗಿತ್ತು. ಅವರಿಗೆ ಸಹಾಯ ಮಾಡುತ್ತಿದ್ದೇನೆ ಎಂದು ಆ ಕ್ಷಣ ನನಗೇ ಹೇಳಿಕೊಂಡೆ, ಆದರೆ ಕೈ ಮೌಸಿನ ಮೇಲೆ ಹೋದದ್ದು ನನ್ನ ಜಾಣತನ ತೋರಿಸುವ ಆಸೆಗೆ. ಎದುರಿನ ನವಿಲನ್ನು ಅಳಿಸಿದೆ. ಉಳಿದ ಒಂದನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದೆ. ಚುಕ್ಕಿಗಳು ಕೊಳೆಯ ಹಾಗೆ ಕಂಡವು, ಒರೆಸಿಹಾಕಿದೆ. ಬಾಲವನ್ನು ಎಳೆದು ಸೆರಗಿನ ತುದಿಯವರೆಗೂ ಹರಿಯಬಿಟ್ಟೆ. ಕಾಫಿ ಆರುವಷ್ಟು ಹೊತ್ತೂ ಆಗಲಿಲ್ಲ.

"ಇದಪ್ಪಾ ಸೆರಗು ಅಂದ್ರೆ!" ಎಂದರು ಮಾಲೀಕರು.

ಮೆಟ್ಟಿಲು ಇಳಿಯುವಾಗ ಮೇಷ್ಟ್ರು, "ನಿನ್ ಕೈ ಚೆನ್ನಾಗಿದೆ," ಎಂದರು. ನಾನು ಏನೋ ಹೇಳಲು ಬಾಯಿ ತೆರೆದೆ. "ಬೇಡ ಬಿಡು," ಎಂದು ಚಪ್ಪಲಿ ಮೆಟ್ಟಿಕೊಂಡರು. ಮಾರನೇ ವಾರದಿಂದ ಆ ಮಹಡಿಯ ಕುರ್ಚಿಯಲ್ಲಿ ನಾನು ಕೂತೆ. ನಮ್ಮ ಮನೆಯಲ್ಲಿ ಸಿಹಿ ಹಂಚಿದರು. ನಾನೂ ತಿಂದೆ.

ಸೆಂಟರು ಆ ಬೇಸಿಗೆಯಲ್ಲೇ ಮುಚ್ಚಿತು. ಕಂಪ್ಯೂಟರುಗಳನ್ನು ದೇವನಹಳ್ಳಿಯ ಯಾರೋ ಕೊಂಡುಕೊಂಡಿದ್ದರು. ಸಾಗಿಸುವ ದಿನ ನನ್ನ ಪುಸ್ತಕಗಳನ್ನು ತರಲು ಹೋದರೆ ಮೇಷ್ಟ್ರು ಒಳಗೆ ಕೂತಿದ್ದರು. ಕೊನೇ ಸಲ ಆಡುತ್ತೇನೆ ಎಂದು ಕೇಳಿಕೊಂಡು ಕೂತಿದ್ದಾರೆಂದು ಸೆಂಟರಿನವರು ಹೇಳಿದರು. ನಾನು ಅವರ ಹಿಂದೆ ಹೋಗಿ ನಿಂತೆ. ಪರದೆಯ ಮೇಲೆ ಇದ್ದದ್ದು ನಾನು ಹೇಳಿದ ರೋಬೋಟು. ಮುಂದೆ ಎರಡು ತಗಡು, ಬೆನ್ನು ಬರಿದು. ಗೂಳಿ ಬಂತು, ಗುದ್ದಿತು, ಗುದ್ದಿ ಗುದ್ದಿ ಅದರ ಸುತ್ತಿಗೆಯೇ ಮುರಿಯಿತು. ಮೇಷ್ಟ್ರು ಗೆದ್ದರು.

"ಗೆದ್ರಿ ಮೇಷ್ಟ್ರೇ!" ಎಂದು ನಾನು ಕೂಗಿಬಿಟ್ಟೆ.

"ಇದು ನಿಂದು ಕಣಮ್ಮ, ನೀನು ಹೇಳ್ದಂಗೆ ಕಟ್ಟಿದ್ದು. ನಂದು ಇನ್ನೂ ಸೋತೇ ಇದೆ," ಎಂದರು ತಿರುಗಿ ನೋಡದೆ.

ಎಂಟನೆಯದು ಬಂತು. ಅದನ್ನು ನಾವಿಬ್ಬರೂ ಅಲ್ಲಿಯವರೆಗೆ ನೋಡಿರಲಿಲ್ಲ. ಅದು ಎದುರಿಗೆ ಬರಲೇ ಇಲ್ಲ. ಸುತ್ತು ಹಾಕಿ ಹಿಂದಿನಿಂದ ಬಂದು, ಬತ್ತಲೆ ಬೆನ್ನಿಗೆ ಒಂದೇ ಏಟು ಹಾಕಿತು. ಅಷ್ಟೇ. ಮೇಷ್ಟ್ರು ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡರು.

"ಮುಂದಕ್ಕೆ ಹಾಕಿದ್ರೆ ಹಿಂದಕ್ಕಿಲ್ಲ. ಹಿಂದಕ್ಕೂ ಹಾಕಿದ್ರೆ ಮುಂದಕ್ಕೆ ಸಾಲದು. ನೂರರಲ್ಲಿ ಎರಡೂ ಆಗಲ್ಲ ಕಣಮ್ಮ. ರಾತ್ರಿಯೆಲ್ಲ ಲೆಕ್ಕ ಹಾಕಿದ್ದೀನಿ, ಆಗಲ್ಲ." ಎಷ್ಟೋ ದಿನದಿಂದ ಗೊತ್ತಿದ್ದ ವಿಷಯವನ್ನು ಹೇಳುವ ಹಾಗೆ ಹೇಳಿದರು. ಹೊರಗೆ ಕಂಪ್ಯೂಟರು ತೆಗೆದುಕೊಂಡು ಹೋಗುವ ಟೆಂಪೋ ಬಂದಿತ್ತು.

ಆಮೇಲೆ ಅವರು ಅದೇ ಮಾಲೀಕರ ಶೆಡ್ಡಿನಲ್ಲಿ ಎಳೆ ಜೋಡಿಸುವ ಕೆಲಸಕ್ಕೆ ಸೇರಿದರು. ಮಗ್ಗದಲ್ಲಿ ಹಾಸಿನ ಉದ್ದ ಎಳೆಗಳು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸಬೇಕು, ಸಾವಿರಾರು ಎಳೆ. ಹೆಚ್ಚಾಗಿ ಹೆಂಗಸರು ಮಾಡುವ ಕೆಲಸ. ನಾನು ಮೇಲೆ ಡಿಸೈನು ಮಾಡುವುದು, ಅವರು ಕೆಳಗೆ ನೆಲದ ಮೇಲೆ ಕೂತು ಎಳೆ ಹೊಸೆಯುವುದು. ಮೆಟ್ಟಿಲ ಹತ್ತಿರ ಎದುರಾದರೆ, "ಕಾಫಿ ಆಯ್ತೇನಮ್ಮ?" ಎನ್ನುತ್ತಿದ್ದರು. ನಾನು ಬೇರೆ ಮೆಟ್ಟಿಲಿದ್ದರೆ ಅದರಲ್ಲಿ ಓಡಾಡುತ್ತಿದ್ದೆನೇನೋ.

ಒಂದು ದಿನ ಮಾತ್ರ ಅವರೇ ಮೇಲೆ ಬಂದರು, ಕೈಯಲ್ಲಿ ನನ್ನ ನವಿಲಿನ ಸೀರೆ ಇತ್ತು. ಸೆರಗನ್ನು ಮಗುಚಿ ಟೇಬಲ್ಲಿನ ಮೇಲೆ ಹಾಸಿದರು. ಹಿಂಬದಿಯಲ್ಲಿ ಗೇಣುದ್ದದ ಎಳೆಗಳು ಎಲ್ಲೂ ಹಿಡಿತವಿಲ್ಲದೆ ಜೋತಾಡುತ್ತಿದ್ದವು.

"ನಾನು ಬಿಟ್ಟಿದ್ದ ಚುಕ್ಕಿ ನೀನು ಒರೆಸ್ಬಿಟ್ಟಿದ್ದೆ ನೋಡು, ಅವು ಎಳೇನ ಹಿಡಿದಿಡೋವು. ಕಂಪ್ಯೂಟರಲ್ಲಿ ಬೆನ್ನು ಕಾಣಲ್ಲ. ಬಳೆಗೆ ಸಿಕ್ಕಿದ್ರೆ ಸರ್ ಅಂತ ಕಿತ್ಕೊಂಡು ಬರುತ್ತೆ."

ಸೀರೆಯನ್ನು ಎತ್ತಿಕೊಂಡು ಹೋಗಿ ಮಾಲೀಕರಿಗೆ ತೋರಿಸಿದೆ, ತಪ್ಪು ನನ್ನದು ಎಂದೂ ಹೇಳಿದೆ. ಅವರು ಎಳೆಯನ್ನು ಬೆರಳಿನಲ್ಲಿ ಎಳೆದು ನೋಡಿ, "ಯಾರಮ್ಮ ಹಿಂಬದಿ ನೋಡ್ತಾರೆ? ಮಾಲು ಹೋಗ್ತಾ ಇದೆ, ಹಂಗೇ ಇರ್ಲಿ," ಎಂದರು. ಹಾಗೆಯೇ ಇತ್ತು. ಸೀರೆಗಳು ಹೋದವು, ಮತ್ತೆ ಮತ್ತೆ ಹೋದವು. ಮೇಷ್ಟ್ರು ಹೇಳಿದ್ದು ಸರಿ ಎಂಬುದರಿಂದ ಅವರಿಗಾಗಲಿ ಸೀರೆಗಾಗಲಿ ಏನೂ ಆಗಲಿಲ್ಲ. ಅವರು ಮತ್ತೆ ಮೇಲೆ ಬರಲಿಲ್ಲ.

ಅವರು ಹೋದ ಸುದ್ದಿ ಬಂದ ಮೇಲೂ ಆ ಮನೆಗೆ ಹೋಗಲು ನನಗೆ ಮೂರು ವಾರ ಬೇಕಾಯಿತು. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು ಚಾಪೆ ಹಾಕಿದರು. ಕಣ್ಣೀರು ಒರೆಸಿಕೊಂಡು, ಒಳಗಿನಿಂದ ಒಂದು ಸೀರೆ ತಂದು ನನ್ನ ಮಡಿಲಲ್ಲಿಟ್ಟರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಆ ನವಿಲು.

"ಶೆಡ್ಡಿಂದ ಕೊಂಡ್ಕೊಂಡು ಬಂದ್ರು ಕಣಮ್ಮ, ಹೋದ ಗೌರಿ ಹಬ್ಬಕ್ಕೆ. ಆ ಹುಡುಗಿ ಬಿಡಿಸಿದ್ದು, ಚೆನ್ನಾಗಿದೆ, ಉಟ್ಕೋ ಅಂದ್ರು. ತಂದೋರು ತಕ್ಷಣ ಕೊಡ್ಲಿಲ್ಲ. ಎಂಟು ದಿನ ಕಿಟಕಿ ಹತ್ರ ಕೂತು ಅದೇನೋ ಹೊಲೀತಾ ಇದ್ರು."

ಸೆರಗನ್ನು ಮಗುಚಿದೆ. ಜೋತಾಡುತ್ತಿದ್ದ ಎಳೆಗಳು ಒಂದೂ ಇರಲಿಲ್ಲ. ಪ್ರತಿಯೊಂದನ್ನೂ ಬೆರಳು ಅಗಲಕ್ಕೆ ಒಂದು ಹೊಲಿಗೆ ಹಾಕಿ, ಮುಂಬದಿಗೆ ಕಾಣದ ಹಾಗೆ, ಅದೇ ಬಣ್ಣದ ರೇಷ್ಮೆಯಲ್ಲಿ ಹಿಡಿದು ಕಟ್ಟಿದ್ದರು. ನಾನು ಒರೆಸಿಹಾಕಿದ ಚುಕ್ಕಿಗಳು ಎಲ್ಲೆಲ್ಲಿ ಇರಬೇಕಿತ್ತೋ ಅಲ್ಲಲ್ಲೇ. ನನಗೆ ಅಳು ತಡೆಯಲಾಗಲಿಲ್ಲ.

"ಅಮ್ಮಾ, ಇದು ನಾನು ಬಿಡಿಸಿದ್ದಲ್ಲ," ಎಂದೆ. "ಈ ನವಿಲು ಮೇಷ್ಟ್ರದ್ದೇ. ಅವರೇ ಬಿಡಿಸಿದ್ದು, ನನ್ನ ಕಣ್ಣೆದುರಿಗೆ."

ಆಕೆ ನನ್ನ ಕೈ ಮೇಲೆ ಕೈ ಇಟ್ಟರು. ದುಃಖದಲ್ಲಿದ್ದವರಿಗೆ ಸಮಾಧಾನ ಹೇಳಲು ಬಂದವಳು ಹೀಗೆ ಏನಾದರೂ ಹೇಳುವುದು ಸಹಜ ಎಂಬಂತೆ ನನ್ನ ಮುಖ ನೋಡಿದರು.

"ಸುಮ್ನಿರು ಮಗಳೇ. ಅವ್ರು ಬಿಡಿಸಿದ್ದಾಗಿದ್ರೆ ಎರಡಿರ್ತಿತ್ತು. ಇದು ಒಂಟಿ."

ಸೀರೆಯನ್ನು ನಾಲ್ಕಾಗಿ ಮಡಿಸಿಕೊಂಡು ಒಳಗೆ ಹೋದರು.